ಹೊಗೆಗೊಂದು ಗುಂಡಿ

"ಏ ಮರಿಯಾ, ಮೆಟ್ಲು ಯಾಕ್ ತುಳೀತೀಯೋ ಬೇವರ್ಸಿ? ಕೆಳಗೆ ಬೆಂಕಿ ಹಾಕವ್ರೆ, ಅಲ್ಲೇ ಕಾಯಿಸ್ಕೊ!"

ಊರ ಗೌಡ ಕಾಂತರಾಜು ಗುಡಿಯ ಕಟ್ಟೆಯಿಂದ ಗದರಿದ. ಅವನ ಅಪ್ಪನ ವಯಸ್ಸಿನ ಮರಿಯಪ್ಪ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ತಮಟೆಯನ್ನು ಬೆಂಕಿಗೆ ಹಿಡಿದು ಕೂತ. ಕೆಂಗೇರಿಗೆ ಮೆಟ್ರೊ ಬಂದಿತ್ತು; ಮಾರಮ್ಮನ ಮೆಟ್ಟಿಲು ಮಾತ್ರ ಅವನಿಗೆ ಇನ್ನೂ ಬಂದಿರಲಿಲ್ಲ.

ಕಾರ್ಖಾನೆಯ ಚಿಮಣಿಯ ಕೆಟ್ಟ ಗಾಳಿಯನ್ನು ಹಿಡಿದು, ಕೊಳವೆ ಕೊರೆದು, ಪಾತಾಳದ ಕಲ್ಲಿನೊಳಗೆ ತುಂಬುವ ಯಂತ್ರವೊಂದು ಊರಿಗೆ ಬರುವುದಿತ್ತು. ಕಂಪನಿಯವರು ಸಭೆ ಕರೆದು, ಪರದೆ ಕಟ್ಟಿ ಚಿತ್ರ ತೋರಿಸಿದರು. ಜನ ಕೇಸರಿಬಾತು ತಿಂದು, ಒಪ್ಪಿಗೆ ಹೇಳದೆ ಎದ್ದು ಹೋದರು. ಮಾರಮ್ಮನ ಬಲಗಡೆಯ ಹೂ ಬಿದ್ದರೆ ಅಮ್ಮ ಒಪ್ಪಿದಳೆಂದೇ ಲೆಕ್ಕ, ಆಮೇಲೆ ಊರಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ ಅಂತ ಕಾಂತರಾಜುವೇ ಅವರಿಗೆ ಹೇಳಿಕೊಟ್ಟ. ಕೊರೆಯುವ ಜಾಗವನ್ನೂ ಅವನೇ ತೋರಿಸಿದ. ತನ್ನ ಬಾಡಿಗೆ ಮನೆಗಳ ಹತ್ತಿರ ಬೇಡವಂತೆ. ಕೇರಿಯವರು ಹೆಣ ಹೂಳುವ ತೋಪು ಇದೆಯಲ್ಲ!

ಹೂ ಬೀಳಿಸುವ ಕೈಚಳಕ ಪೂಜಾರಿಗೆ ಇತ್ತು. ಆದರೆ ಕೇರಿಯ ಚರ್ಮದ ತಮಟೆ ಮೊಳಗದೆ ಅಮ್ಮನನ್ನು ಹೂ ಕೇಳುವಂತಿರಲಿಲ್ಲ. ಅದಕ್ಕೇ ಮರಿಯಪ್ಪನನ್ನು ಕರೆಸಿದ್ದು.

ಕಂಪನಿಯ ಹುಡುಗಿ ಚೈತ್ರ ಮೊಬೈಲ್ ಹಿಡಿದು ಬಂದಳು. "ತಾತ, ನೀವು ಬಾರಿಸೋದು ವಿಡಿಯೊ ಮಾಡ್ಕೋತೀನಿ. ನಿಮ್ಮ ಕಲ್ಚರ್ ಜೊತೇಲೇ ಹೊಸ ಟೆಕ್ನಾಲಜಿ ಬರ್ತಾ ಇದೆ ಅಂತ ತೋರಿಸ್ಬೇಕು. ಖುಷಿನಾ?"

"ತೋಪಲ್ಲಿ ಮಲಗಿರೋಳ್ನ ಏನ್ ಮಾಡ್ತೀರವ್ವಾ?"

"ಯಾರು?"

"ಅಕ್ಕಯ್ಯಮ್ಮ. ನನ್ನ ಎಂಡ್ತಿ. ಓದೊರ್ಸ ಮಣ್ ಮಾಡ್ದೆ."

ಚೈತ್ರ ಕಾಂತರಾಜುವಿನ ಕಡೆ ತಿರುಗಿದಳು. "ಖಾಲಿ ಜಾಗ ಅಂದಿದ್ರಲ್ಲ ಸಾರ್?"

"ಖಾಲೀನೇ ಮೇಡಂ. ಇನ್ಮೇಲೆ ಇವ್ರ ಹೆಣಾನೆಲ್ಲ ಕರೆಂಟಲ್ಲಿ ಸುಡೋದು. ಏ, ಬಾಯ್ ಮುಚ್ಕೊಂಡು ಬಡಿಯೋ!"

ಮರಿಯಪ್ಪ ತಮಟೆಯನ್ನು ಬೆಂಕಿಯಿಂದ ಈಚೆಗೆ ತೆಗೆದ. "ನಮ್ಮನ್ನ ಸುಟ್ಟು ಹೊಗೆ ಮಾಡ್ತೀರಿ. ಹೊಗೇನ ತಂದು ನಮ್ಮ ಗುಂಡೀಲಿ ಹೂಳ್ತೀರಿ. ಅದಕ್ಕೆ ನಾನೇ ತಮಟೆ ಬಡೀಬೇಕಾ ಗೌಡ್ರೆ?"

ಗುಡಿಯೊಳಗೆ ಗಂಟೆ ಮೊಳಗಿತು. ತಮಟೆ ಕಾದು ಬಿಗಿದಿತ್ತು. ಬೆರಳು ಸೋಕಿದರೆ ಕಿಣಿ ಎನ್ನುವಷ್ಟು. ಮರಿಯಪ್ಪ ಎದ್ದ. ಒಂದು ಮೆಟ್ಟಿಲು ಹತ್ತಿದ, ಇನ್ನೊಂದನ್ನೂ ಹತ್ತಿದ. ಅಭಿಷೇಕಕ್ಕೆ ಇಟ್ಟಿದ್ದ ಬಿಂದಿಗೆಯನ್ನು ಎತ್ತಿ, ನೀರನ್ನೆಲ್ಲ ತಮಟೆಯ ಮೇಲೆ ಸುರಿದ. ಬಿಸಿ ಚರ್ಮ ಚುಂಯ್ ಎಂದು ಜೋತುಬಿತ್ತು.

ಆಮೇಲೆ ಬಡಿದ. ಥಪ್. ಥಪ್. ಒದ್ದೆ ಬಟ್ಟೆ ಒಗೆದ ಸದ್ದು.

ಪೂಜಾರಿ ಹೂವಿನ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. "ಅಮ್ಮ ಒಲ್ಲೆ ಅಂದ್ಲು ಕಣ್ರೇ" ಎಂದು ಮುದುಕಿಯೊಬ್ಬಳು ಕೆನ್ನೆ ಬಡಿದುಕೊಂಡು ಎದ್ದಳು. ಅವಳ ಹಿಂದೆ ಹೆಂಗಸರೆಲ್ಲ ಎದ್ದರು.

"ಬೋಳಿಮಗನೇ!" ಕಾಂತರಾಜು ಒದ್ದ ಏಟಿಗೆ ತಮಟೆ ಹರಿದು ಬೆಂಕಿಗೆ ಬಿತ್ತು. ಎರಡನೆಯ ಒದೆ ಎದೆಗೆ ಬಿದ್ದು ಮರಿಯಪ್ಪ ಮೆಟ್ಟಿಲ ಮೇಲೇ ಕುಸಿದು ಕೂತ. ಚೈತ್ರಳ ಕೈಯ ಮೊಬೈಲಿನಲ್ಲಿ ವಿಡಿಯೊ ಇನ್ನೂ ಓಡುತ್ತಿತ್ತು.

ಬಾಯಿಂದ ರಕ್ತ ಸೋರುತ್ತಿದ್ದರೂ ಮರಿಯಪ್ಪ ಕೂತಲ್ಲಿಂದ ಕದಲಲಿಲ್ಲ. ಮೆಟ್ಟಿಲು ಇಳಿಯಲಿಲ್ಲ.