ಖಾಲಿ ಹಗೇವು

ಶಿಗ್ಗಾಂವಿಯ ಸೇವಾ ಬಳಗಕ್ಕೆ ಭಾಷಣ ಮಾಡಲು ಬಂದವರಿಗೆಲ್ಲ ನಮ್ಮ ಮನೆಯ ಪಡಸಾಲೆಯಲ್ಲೇ ಹಾಸಿಗೆ. ಬಳಗದ ಅಧ್ಯಕ್ಷರು ನನ್ನ ಅಪ್ಪ ಕುಬೇರಪ್ಪ. ತಿಂಗಳಿಗೊಮ್ಮೆ ರವಿವಾರ ಸಭೆ ನಡೆಯುವುದೂ ಅದೇ ಪಡಸಾಲೆಯಲ್ಲಿ. ಹಲ್ಲು ತಿಕ್ಕುವುದನ್ನು ಕಲಿಸಿದ ಡಾಕ್ಟರರು, ಜೇನು ಸಾಕುವ ಸ್ವಾಮಿಗಳು, ನೀರು ತುಂಬಿದ ಪರಾತದಲ್ಲಿ ಗ್ರಹಣ ತೋರಿಸಿದ ಜೋಯಿಸರು, ಎಲ್ಲರೂ ಅಲ್ಲೇ ಮಲಗಿ ಎದ್ದು ಹೋದವರು. ರಟ್ಟೀಹಳ್ಳಿಯ ಉಳಿವೆಪ್ಪ ಮಾಸ್ತರರು ಮಾತ್ರ ಕೈಚೀಲ ಇಳಿಸುತ್ತಲೇ ಅಂದರು:

"ಸೆಕಿ ಭಾಳ ಐತ್ರಿ. ನನಗ ಹಿತ್ತಲ ಕಟ್ಟಿ ಮ್ಯಾಲ ಒಂದ ಚಾಪಿ ಹಾಸಿಬಿಡ್ರಿ, ಸಾಕು."

ಅವರ ಕೈಗೆ ನೀರು ಹಾಕುತ್ತಿದ್ದ ಅಪ್ಪನ ತಂಬಿಗೆ ಹಾಗೇ ನಿಂತಿತು.

ಹಿತ್ತಲ ಕಟ್ಟೆಯ ಮಗ್ಗುಲಲ್ಲೇ ನಮ್ಮ ಹಗೇವು. ಒಳಗೆ ಇಳಿದ ಆಳು ಕಾಣದಷ್ಟು ಆಳದ ಆ ನೆಲಗುಂಡಿಗೆ ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದ್ದರು. ಯುದ್ಧದ ಕಾಲವದು. ಮನೆಮಂದಿಯ ಊಟಕ್ಕೆ ಇಷ್ಟು ಎಂದು ಬಿಟ್ಟು, ಉಳಿದ ಕಾಳನ್ನೆಲ್ಲ ಸರಕಾರ ಲೆವಿ ಎಂದು ಒಯ್ಯುತ್ತಿತ್ತು. ಅಪ್ಪ ಕಣದಲ್ಲೇ ಒಂದು ಪಾಲು ಅಳೆದು ಕೊಟ್ಟು, ಹಗೇವು ಖಾಲಿ ಎಂದು ಊರ ಲೆಕ್ಕ ಬರೆಯುವ ತಲಾಟಿಗೆ ಹೇಳಿದ್ದರು. ತಲಾಟಿಗೆ ಹೇಳಿದ್ದು ಹೋಗಲಿ. ಊರ ಬಡವರಿಗೆ ಬಳಗ ನಡೆಸುತ್ತಿದ್ದ ಅಂಬಲಿ ಮನೆಗೆ ಸದಸ್ಯರೆಲ್ಲ ಕಾಳು ಕೊಡಬೇಕು ಎಂದಾಗಲೂ ಅದೇ ಮಾತು ಹೇಳಿ, "ಇದ್ದದ್ದರಾಗ" ಎಂದು ಎರಡು ಚೀಲ ಕೊಟ್ಟು ಚಪ್ಪಾಳೆ ಗಿಟ್ಟಿಸಿದ್ದರು.

ಊಟಕ್ಕೆ ಕೂತ ಮಾಸ್ತರರು ರೊಟ್ಟಿ ಮುರಿಯುತ್ತ ಕೇಳತೊಡಗಿದರು. ಊರಲ್ಲಿ ಹಗೇವು ಎಷ್ಟು? ಎಷ್ಟು ಆಳ? ಬಾಯಿ ಮನೆಯೊಳಗೋ, ಹಿತ್ತಲಿಗೋ? ಅವರ ಕೋಟಿನ ಕಿಸೆಯಿಂದ ಅಳತೆಯ ಟೇಪು ಅರ್ಧ ಹೊರಗೆ ಇಣುಕುತ್ತಿತ್ತು. ನಾನು ಪಲ್ಯ ಬಡಿಸಿ ಒಳಗೆ ಬಂದು ಆಯಿಗೆ, ಅಂದರೆ ಅಪ್ಪನ ತಾಯಿ ವೀರವ್ವನಿಗೆ, ಅದನ್ನು ಹೇಳಿದೆ.

"ಟೇಪ ಇಟಗೊಂಡು ಉಣ್ಣಾಕ ಯಾರ ಬರ್ತಾರ?" ಎಂದು ಆಯಿ ಒಲೆಯ ಮುಂದೆಯೇ ದನಿ ತಗ್ಗಿಸಿದಳು. "ಏಳು ಸಮುದ್ರದ ಆಚೆ ರಾಜನ ಕತಿ ಹೇಳಿದ್ನೆಲ್ಲ? ಮಂತ್ರಿ ಭಿಕ್ಷುಕನ ವೇಷಾ ಹಾಕ್ಕೊಂಡು ಮನಿಮನಿ ತಿರಗ್ತಾನ. ಭಿಕ್ಷಾ ಬೇಡೂದಿಲ್ಲ. ಬರೇ ಒಂದ ಖಾಲಿ ಮಡಕಿ ತೋರಿಸ್ರಿ ಅಂತಾನ."

ಕೇಳಿದ ಕತೆಯೇ. ಖಾಲಿ ಎಂದು ತೋರಿಸಿದ ಮಡಕೆಯ ತಳದಲ್ಲಿ ಕಾಳು ಸಿಕ್ಕಿ ಸೆರೆ ಸೇರಿದ ಮನೆಯವರ ಗತಿ ನನಗೆ ಗೊತ್ತಿತ್ತು. ಅಂಥ ಕತೆ ಕೇಳಿ ಬೆಳೆದ ನನಗೆ, ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಆ ಬೋಳುತಲೆಯ ಮಾಸ್ತರರ ಹೆಗಲ ಮೇಲೆ ಆಗಲೇ ಮಂತ್ರಿಯ ಶಾಲು ಕಂಡಿತು.

ಕೈ ತೊಳೆಯುವ ಹೊತ್ತಿಗೆ ಬಳಗದ ಕಾರ್ಯದರ್ಶಿ ಬಾಬಾಜಾನ ಬಂದ. ಬಟ್ಟೆ ಅಂಗಡಿಯವನು, ಅಪ್ಪನ ಬಾಲ್ಯದ ಗೆಳೆಯ. ಮಾಸ್ತರರು ಅವನಿಗೆ ಹೇಳಿದರು:

"ಇವತ್ತ ಹಗೇವಿನ ಮ್ಯಾಲ ಭಾಷಣ ಮಾಡ್ತೇನಿ, ನಾಳೆ ಮುಂಜಾನೆ ಕೈಯಿಂದ ಮಾಡಿ ತೋರಸ್ತೇನಿ. ಹುಳ ಬೀಳದಂಗ ಒಳಗ ಗಾರೆ ಹ್ಯಾಂಗ ಮಾಡಬೇಕಂತ. ಅದಕ ಒಂದ ಖಾಲಿ ಹಗೇವು ಬೇಕ್ರಿ."

"ಅದಕೇನ್ರಿ ಚಿಂತಿ?" ಬಾಬಾಜಾನ ನಕ್ಕ. "ನಮ್ಮ ಅಧ್ಯಕ್ಷರದ್ದ ಖಾಲಿ ಬಿದ್ದೈತಿ. ಎಲ್ಲಾರೂ ಇಲ್ಲೇ ಕೂಡೋಣು. ಏನಂತಿ ಕುಬೇರಾ?"

ಅಪ್ಪ ಏನನ್ನಬೇಕು? "ಹೂಂ," ಎಂದರು.

ನನ್ನ ಅಣ್ಣ ಪರಮೇಶಪ್ಪ ಅಡುಗೆಮನೆಗೆ ನುಗ್ಗಿದ. "ನೋಡಿದ್ರೇನು? ಊರಾಗ ಇಷ್ಟ ಮನಿ ಇರೂವಾಗ ನಮ್ಮದ! ಅಂವಾ ಮಾಸ್ತರ ಅಲ್ಲ, ಲೆವಿಯವರ ಮನಶ್ಯಾ. ರಾತ್ರಿ ಕಟ್ಟಿ ಮ್ಯಾಲ ಮಲಗಿ ಕಾಯ್ತಾನ, ಮುಂಜಾನೆ ಎಲ್ಲಾರ ಮುಂದ ತೆಗಿಸ್ತಾನ."

"ಮತ್ತ ಏನ ಮಾಡ್ತೀ?" ಆಯಿ ಕೇಳಿದಳು.

"ಈಗ ಸಭಾ ಸುರು ಆಗ್ತೈತೆಲ್ಲ, ಅಷ್ಟರಾಗ ತಗದ ಬಣವಿಯೊಳಗ ಹಾಕ್ತೇನಿ."

"ಬಾಯಿ ತಗದು ಒಂದಿನಾ ಗಾಳಿ ಆಡಬೇಕೋ!"

"ಒಂದಿನಾ ಬಾಯಿ ತಗದಿಟ್ರ ಅವಂಗ ಆರತಿ ಮಾಡಿ ತೋರಿಸಿದಂಗ ಆಗೂದಿಲ್ಲೇನು?"

ನಮ್ಮಲ್ಲಿ ಹಾಲುಹಲ್ಲಿನ ಹುಡುಗರಿಗೂ ಗೊತ್ತು: ಮುಚ್ಚಿದ ಹಗೇವಿನೊಳಗೆ ಕಾಳಿನ ಕಾವಿಗೆ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಬಿಟ್ಟು, ಆಮೇಲೆ ಲಾಟೀನು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅಣ್ಣನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

ನನಗೆ ಕೊಟ್ಟ ಕೆಲಸ ನಡುಮನೆಯ ಬಾಗಿಲಲ್ಲಿ ನಿಲ್ಲುವುದು. ಒಂದು ಕಣ್ಣು ಪಡಸಾಲೆಯ ಮೇಲೆ, ಒಂದು ಕಣ್ಣು ಹಿತ್ತಲ ಮೇಲೆ. ಮಾಸ್ತರರು ಎದ್ದರೆ ಕೆಮ್ಮಬೇಕು.

ಪಡಸಾಲೆ ತುಂಬಿತು. ಅಪ್ಪ ಅತಿಥಿಗೆ ಹಾರ ಹಾಕಿದರು. ಹಾರ ಮಾಸ್ತರರ ಕಿವಿಗೆ ಸಿಕ್ಕಿಕೊಂಡಿತು. ಮಾಸ್ತರರು ಗಂಟಲು ಸರಿಮಾಡಿಕೊಂಡು ಹೇಳಿದ ಮೊದಲ ಮಾತೇ, ಹಗೇವಿಗೆ ಅವಸರದಿಂದ ಇಳಿಯಬಾರದು ಎಂಬುದು. ಹಿಂದೆ ಕೂತಿದ್ದವರು ಒಬ್ಬರಿಗೊಬ್ಬರು ಮೊಣಕೈ ತಿವಿದರು.

"ಇದನ್ನ ಹೇಳಾಕ ರಟ್ಟೀಹಳ್ಳಿಯಿಂದ ಮೋಟಾರ ಖರ್ಚ ಮಾಡ್ಕೊಂಡು ಬಂದಾನ?"

"ಬ್ಯಾರೆ ಏನೋ ಐತಿ ತಗೋ."

ನನಗೂ ಹಾಗೇ ಅನಿಸಿತು. ಎಲ್ಲರಿಗೂ ಗೊತ್ತಿರುವುದನ್ನು ಹೇಳುವವನ ಮನಸ್ಸಿನಲ್ಲಿ ಹೇಳದೇ ಇಟ್ಟಿದ್ದು ಎಷ್ಟಿರಬೇಡ!

ಹಿತ್ತಲಲ್ಲಿ ಚಪ್ಪಡಿ ಸರಿದಿತ್ತು. ಮೇಲಿನ ಜೋಳವನ್ನು ಅಣ್ಣ ಬೋರಲಾಗಿ ಮಲಗಿಯೇ ಬುಟ್ಟಿಗೆ ಬಾಚಿದ. ಮಟ್ಟ ಕೆಳಗಾದಂತೆ ಕಾಲು ಇಳಿಬಿಟ್ಟ, ಆಮೇಲೆ ಪೂರ್ತಿ ಇಳಿದ. ಹಗ್ಗ ಹಿಡಿದವನು ನಮ್ಮ ಆಳು ನಾಗಪ್ಪ. ಬುಟ್ಟಿ ಬಂತು, ಹೋಯಿತು, ಬಂತು. ಬಣವೆಯ ಪಕ್ಕದಲ್ಲಿ ಜೋಳದ ರಾಶಿ ಏರಿತು. ಆಮೇಲೆ ಇಳಿದ ಬುಟ್ಟಿ ಬರಲಿಲ್ಲ.

"ಸಣ್ಣಧಣ್ಯಾರ!" ನಾಗಪ್ಪ ಬಾಗಿ ಕೂಗಿದ. ಮತ್ತೆ ಕೂಗಿದ. ನನ್ನ ಕಡೆ ತಿರುಗಿದ ಅವನ ಮುಖ ನೋಡಿ ನಾನು ಓಡಿದೆ. ಒಳಗೆ ಅಣ್ಣನ ತಲೆ ಕಾಳಿನ ಮೇಲೆ ವಾಲಿತ್ತು. ಜಾರಿದ ಜೋಳ ತೊಡೆಯವರೆಗೆ ಮುಚ್ಚಿತ್ತು.

"ಜಗ್ಗೋ ನಾಗಪ್ಪಾ!"

"ಬರವಲ್ರು ಯವ್ವ, ಕಾಲ ಸಿಕ್ಕಾವು. ಒಬ್ಬನ ಕೈಲೆ ಆಗೂದಿಲ್ಲ. ಹಗ್ಗಾ ಬಿಟ್ರ ಪೂರಾ ಮುಳಗ್ತಾರ. ಗಂಡಸರನ್ನ ಕರಿ!"

ಗಂಡಸರೆಲ್ಲ ಪಡಸಾಲೆಯಲ್ಲಿದ್ದರು, ಮಾಸ್ತರರ ಮುಂದೆ. ಕರೆದರೆ ಅಪ್ಪನ ಸುಳ್ಳು ಹಿತ್ತಲಲ್ಲಿ ರಾಶಿಯಾಗಿ ಬಿದ್ದಿರುವುದನ್ನು ಬಳಗವೆಲ್ಲ ನೋಡುತ್ತದೆ. ಅಪ್ಪ ಒಬ್ಬರನ್ನೇ ಸನ್ನೆ ಮಾಡಿ ಕರೆಯಲೇ ಎಂದು ನಡುಮನೆಯಲ್ಲಿ ಒಂದು ಕ್ಷಣ ನಿಂತೆ. ನಿಂತೆ ಎಂಬುದು ಇವತ್ತಿಗೂ ಕಾಲಿಗೆ ಗೊತ್ತು. ಆಮೇಲೆ ಹೆಂಗಸರು ಕಾಲಿಡದ ಆ ಸಭೆಯ ನಡುವೆ ಹೋಗಿ ನಿಂತು ಚೀರಿದೆ:

"ಅಣ್ಣಾ ಹಗೇವಿನ್ಯಾಗ ಬಿದ್ದಾನ!"

ಖಾಲಿ ಹಗೇವಿಗೆ ಯಾಕೆ ಇಳಿದ ಎಂದು ಯಾರೂ ಕೇಳಲಿಲ್ಲ. ಮೊದಲು ಎದ್ದವರು ಮಾಸ್ತರರೇ, ಹಾರದ ಸಮೇತ. ಕಂಬಳಿಗೆ ಹಗ್ಗ ಕಟ್ಟಿಸಿ ಹಗೇವಿನೊಳಗೆ ಏರಿಸಿ ಇಳಿಸಿ ಗಾಳಿ ಕದಡಿಸಿದರು. ಬಾಬಾಜಾನ ಮತ್ತಿಬ್ಬರು ನಾಗಪ್ಪನ ಜೊತೆ ಹಗ್ಗ ಜಗ್ಗಿದರು. ಅಣ್ಣ ಮೂಟೆಯಂತೆ ಮೇಲೆ ಬಂದ. ಮುಖಕ್ಕೆ ನೀರು ಹೊಡೆದು, ಎದೆ ತಿಕ್ಕಿ, ಅವನು ಕೆಮ್ಮುವವರೆಗೆ ಯಾರ ಕಣ್ಣೂ ಬೇರೆ ಕಡೆ ಹೋಗಲಿಲ್ಲ. ಕೆಮ್ಮಿದ ಮೇಲೆ ಹೋದವು. ರಾಶಿಯ ಮೇಲೆ.

ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಗಾರೆಯ ಪಾಠ ನಡೆಯಲಿಲ್ಲ. ಮೊದಲ ಮೋಟಾರಿಗೆ ಹೊರಟ ಮಾಸ್ತರರು ಅಪ್ಪನ ಕೈ ಹಿಡಿದು, "ನಾ ಏನೂ ನೋಡಿಲ್ರಿ," ಎಂದರು.

"ಹಂಗನ್ನಾವ್ರ ಮೊದಲ ಹೋಗಿ ಹೇಳೂದು," ಎಂದ ಅಣ್ಣ ಹಾಸಿಗೆಯಿಂದಲೇ.

ಆಮೇಲೆ ಮನೆಗೆ ಬಂದವರೆಲ್ಲ ಅಣ್ಣನನ್ನು ನೋಡಲು ಬಂದರೋ, ರಾಶಿಯನ್ನೋ? ಅಂಬಲಿ ಮನೆಯ ಅಡುಗೆಯವಳು ಒಂದು ಹಿಡಿ ಕಾಳು ಕೇಳಿದರೆ, ಯಾರೋ ಹೇಳಿ ಕಳಿಸಿದ್ದಾರೆ ಎಂದು ಆಯಿ ಬಾಗಿಲಲ್ಲೇ ತಡೆದಳು. ಬಾಬಾಜಾನ ರೇಷನ್ನಿನ ಸಕ್ಕರೆ ಉಳಿಸಿ ಪೊಟ್ಟಣ ಕಟ್ಟಿ ತಂದ. "ಪರಮ್ಯಾಗ ಶರಬತ್ತ ಮಾಡಿಕೊಡ್ರಿ" ಎಂದು ಹೇಳಿ, ಹಿತ್ತಲ ಬಾಗಿಲಿಂದಲೇ ಹೋದ.

"ಆ ಬಾಗಿಲಿನಿಂದ ಯಾಕ ಹೋದ?" ಆಯಿ ಪಿಸುಗುಟ್ಟಿದಳು. "ಬಣವಿ ನೋಡಾಕ."

ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ಹೋದರು.

ಎರಡು ದಿನದಲ್ಲಿ ತಲಾಟಿ ಬಂಡಿ ಸಮೇತ ಬಂದ. ಊಟದ ಪಾಲು ಬಿಟ್ಟು, ಉಳಿದದ್ದನ್ನು ದಂಡದ ಸಮೇತ ಅಳೆಸಿಕೊಂಡು ಹೋದ. ಬಂಡಿ ಓಣಿ ತಿರುಗುತ್ತಲೇ ಅಣ್ಣ ಗೋಡೆ ಹಿಡಿದು ಎದ್ದ.

"ಯಾರ ಹೇಳಿದ್ರು? ಆ ಮಾಸ್ತರ ಹೌದಲ್ಲೊ?"

"ನಾನ ಹೇಳೇನಿ," ಎಂದರು ಅಪ್ಪ.

ಆಯಿಯ ಕೈಯ ಮೊರ ಹಾಗೇ ನಿಂತಿತು. "ನಿನಗೇನ ಹುಚ್ಚೇನೋ? ನೀ ಹೇಳಲಿಲ್ಲಂದ್ರ ಯಾರೂ ಹೇಳ್ತಿರಲಿಲ್ಲ!"

"ಇರಬೌದು. ಬಾಬಾಜಾನ ಸಕ್ಕರಿ ಕೊಡೂವಾಗ ನಾ ಅವನ ಮಾರಿ ನೋಡಲಿಲ್ಲವ್ವ. ಅವನ ಕಣ್ಣ ಎಲ್ಲಿ ಹೋಗ್ತಾವು ಅಂತ ನೋಡಿದ್ನಿ. ಚಡ್ಡಿ ಹಾಕೂವಾಗಿನ ಗೆಳ್ಯಾ ಅಂವಾ. ಇನ್ನ ಇಡೀ ಊರನ್ನ ಹಂಗ ನೋಡ್ಕೋತ ಹ್ಯಾಂಗ ಕುಂದರ್ಲಿ? ಮುಂದಿನ ತಿಂಗಳ ಸಭಾದಾಗೂ ಹೇಳ್ತೇನಿ. ಅಧ್ಯಕ್ಷ ಅಂತ ಇಟ್ಕೊಂಡ್ರ ಇಟ್ಕೋಲಿ, ಬಿಟ್ರ ಬಿಡ್ಲಿ."

ಅಣ್ಣ ತಲೆ ಅಲ್ಲಾಡಿಸಿದ. ತಾನೇ ಹೋಗಿ ತನ್ನ ಕಾಳು ತೋರಿಸುವ ಮನುಷ್ಯ ಅವನ ಲೆಕ್ಕದಲ್ಲಿ ಇರಲು ಸಾಧ್ಯವಿರಲಿಲ್ಲ. ಅಪ್ಪ ಯಾರನ್ನೋ ಮರೆಮಾಡುತ್ತಿದ್ದಾರೆ ಎಂದೇ ಅವನಿಗೆ ಅನಿಸಿತು.

"ಯಾರನ್ನ ಉಳಸಾಕ ಹಿಂಗ ಹೇಳಾಕತ್ತೀಯಪಾ?" ಎಂದ. ಯೋಚಿಸುತ್ತ ಒಬ್ಬೊಬ್ಬರನ್ನೇ ಅನುಮಾನದಿಂದ ಬಿಡುತ್ತಿರುವವನಂತೆ ನಾಗಪ್ಪನನ್ನು ನೋಡಿದ, ಆಯಿಯನ್ನು ನೋಡಿದ. ಅಂದು ಸಭೆಯ ನಡುವೆ ಹೋಗಿ ಚೀರಿದ್ದು ಯಾರು ಎಂಬುದು ಆಗ ನೆನಪಾಗಿರಬೇಕು. ನಿಧಾನಕ್ಕೆ ನನ್ನ ಕಡೆ ತಿರುಗಿದ.