ತವರೆಂಬ ಡಬ್ಬ

ಪ್ರೂಫ್ ಮೇಷ್ಟ್ರು ಹಿತ್ತಲಿನ ಕಸದ ಬುಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ ತಳ ತಡಕುತ್ತಿದ್ದರು. ಚಹಾದ ಗಸಿ, ಹೂವಿನ ತೊಟ್ಟು, ಒದ್ದೆ ಕಾಗದ. ಎಲ್ಲಕ್ಕಿಂತ ಕೆಳಗೆ ಅದು ಸಿಕ್ಕಿತು. ಹಸಿರು ನೂಲನ್ನು ಸಿಕ್ಕುಸಿಕ್ಕಾಗಿ ಸುತ್ತಿದಂಥ ಒಂದು ಉಂಡೆ. ಮೂಗಿನ ಹತ್ತಿರ ತಂದರು. ಸಮುದ್ರದ ವಾಸನೆ ಬರಬೇಕಾದಲ್ಲಿ ಸೋಪಿನ ಪುಡಿಯ ನಿಂಬೆ ವಾಸನೆ ಬಂತು.

ನಡುಮನೆಯಲ್ಲಿ ಹೆಂಡತಿಯನ್ನು ಮಲಗಿಸಿತ್ತು. ಹನ್ನೊಂದಕ್ಕೆ ಸ್ಮಶಾನಕ್ಕೊಯ್ಯುವ ವ್ಯಾನು ಬರುವುದಿತ್ತು. ಇಸ್ತ್ರಿಯಾದ ಅಂಗಿಯ ಒಂದು ತೋಳು ಆಗಲೇ ಹಾಳಾಗಿತ್ತು.

"ಏನ್ ಹುಡುಕ್ತಿದ್ದೀರಿ ಭಾವ? ಒಳಗೆ ಎಲ್ಲರೂ ಕೇಳ್ತಿದ್ದಾರೆ," ಎಂದು ನಾದಿನಿ ಬಾಗಿಲಿಗೆ ಬಂದಳು.

ಮೇಷ್ಟ್ರು ಉಂಡೆಯನ್ನು ಎತ್ತಿ ತೋರಿಸಿದರು. "ಇದನ್ನ ನೀನು ತೆಗೆದೆಯಾ?"

ತೆಗೆದದ್ದು ಅವಳೇ. ಮೊದಲ ಬಸ್ಸಿಗೆ ಬಂದು, ಅಕ್ಕನ ಕಾಲ ಹತ್ತಿರ ಕೂತು ಅತ್ತಷ್ಟು ಅತ್ತು, ಆಮೇಲೆ ತೋಳು ಮಡಚಿ ಮನೆಯನ್ನೆಲ್ಲ ತಿಕ್ಕಿದ್ದಳು. ದುಃಖ ಬಂದಾಗ ಆ ಅಕ್ಕತಂಗಿಯರಿಬ್ಬರಿಗೂ ಕೈ ಸುಮ್ಮನಿರುತ್ತಿರಲಿಲ್ಲ. ಮೀನಿನ ಗಾಜಿನ ತೊಟ್ಟಿಯ ಮೇಲೆ ಕೂತಿದ್ದ ಆ ಪ್ಲಾಸ್ಟಿಕ್ ಡಬ್ಬ ಪಾಚಿಗಟ್ಟಿ ಅಸಹ್ಯವಾಗಿತ್ತಂತೆ. ಅಕ್ಕ ಕೈಲಾಗದೆ ಬಿಟ್ಟಿದ್ದಾಳೆ ಪಾಪ, ಬಂದವರು ಆಡಿಕೊಳ್ಳಬಾರದು ಎಂದು ನೀರು ಕಾಯಿಸಿ ಉಜ್ಜಿದಳಂತೆ.

"ಒಳಗೊಂದು ಬಾಚಣಿಗೆ ಬೇರೆ ಬಿದ್ದಿತ್ತು ಭಾವ. ಕಿತ್ತರೆ ಬರಲೇ ಇಲ್ಲ, ಮುರೀತು."

"ಅದು ಬಿದ್ದದ್ದಲ್ಲ," ಎಂದರು ಮೇಷ್ಟ್ರು. "ನಿಮ್ಮಕ್ಕ ಅಂಟಿಸಿದ್ದು."

ಆಸ್ಪತ್ರೆಯಲ್ಲಿ ಕೊನೆಯ ವಾರ ಹೆಂಡತಿ ಮನೆಯ ವಿಷಯವಾಗಿ ಹೇಳಿದ್ದು ಒಂದೇ ಮಾತು. ಡಬ್ಬಕ್ಕೆ ಯಾರೂ ಕೈ ಹಾಕಬೇಡಿ, ಅದರ ಪಾಡಿಗೆ ಅದು ನಡೆಯುತ್ತೆ. ಕೆಳಗಿನ ತೊಟ್ಟಿಯಲ್ಲಿ ಹೆಬ್ಬೆರಳುದ್ದದ ನೀಲಿ ಮೀನು ಕಲ್ಲಿನಿಂದ ಕಲ್ಲಿಗೆ ತೆವಳುತ್ತ ಕುಟುಕುತ್ತಿತ್ತು. ಅಂಗಡಿಯ ಒಣ ಕಾಳನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಜೀವವಿರುವ ಹುಳು, ಚುಕ್ಕಿಗಿಂತ ಚಿಕ್ಕದು. ಆ ಹುಳುಗಳು ಹುಟ್ಟುತ್ತಿದ್ದದ್ದು ಈ ಪಾಚಿಯಲ್ಲಿ. ಕಲ್ಲುಸಂದಿಯಲ್ಲಿ ಉಳಿದವು ಮುಗಿಯುವವರೆಗೆ ಮೀನಿಗೆ ಉಸಿರು. ಹತ್ತು ದಿನವೋ, ಹದಿನೈದು ದಿನವೋ.

ಹೆಂಡತಿ ಹೇಳಿದ ಒಂದು ಮಾತು ಒಂದು ದಿನವೂ ಉಳಿಯಲಿಲ್ಲ.

*

ಎರಡು ವರ್ಷದ ಹಿಂದೆ ಒಂದು ಭಾನುವಾರ ಅವಳು ಊಟದ ಮೇಜಿನ ಮೇಲೆ ಗರಗಸ, ಸಾಮಾನು ಹರಡಿಕೊಂಡಿದ್ದಳು. ಧಾನ್ಯ ತುಂಬುವ ಪಾರದರ್ಶಕ ಡಬ್ಬ, ಪ್ಲಾಸ್ಟಿಕ್ ಹಲಗೆಯ ಎರಡು ತುಂಡು, ಒಂದು ಅಂಟಿನ ಕೊಳವೆ. ಹಲಗೆಗಳನ್ನು ಡಬ್ಬದೊಳಗೆ ಅಡ್ಡ ನಿಲ್ಲಿಸಿದರೆ ಮೂರು ಕೋಣೆ. ತೊಟ್ಟಿಯ ನೀರು ಪಂಪಿನಿಂದ ಮೇಲೇರಿ ಮೊದಲ ಕೋಣೆಗೆ ಬೀಳಬೇಕು, ಗುಳ್ಳೆ ಅಲ್ಲೇ ಒಡೆಯಬೇಕು. ನಡುವಿನದರಲ್ಲಿ ಮರಳು, ಪಾಚಿ. ಕೊನೆಯದರಿಂದ ನೀರು ಪೈಪಿನಲ್ಲಿ ತನ್ನಷ್ಟಕ್ಕೆ ತೊಟ್ಟಿಗೆ ಇಳಿಯಬೇಕು.

"ಇದನ್ನ ನೆಟ್ಟಗೆ ಹಿಡ್ಕೊಳ್ಳಿ," ಎಂದು ಒಂದು ಹಲಗೆಯನ್ನು ಗಂಡನ ಎರಡೂ ಕೈಗೆ ಕೊಟ್ಟಳು. "ಅಂಟು ಕಚ್ಚೋವರೆಗೆ ಅಲ್ಲಾಡಬೇಡಿ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ."

ಇಪ್ಪತ್ತಾರು ವರ್ಷ ಅವಳದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ರಾತ್ರಿ ಪಾಳಿ, ಅವರದು ಮುದ್ರಣಾಲಯದಲ್ಲಿ ಹಗಲು ಪ್ರೂಫ್ ತಿದ್ದುವ ಕೆಲಸ. ಬೆಳಿಗ್ಗೆ ಅವಳು ಚಪ್ಪಲಿ ಬಿಡುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟುತ್ತಿದ್ದರು. ಇಬ್ಬರೂ ನಿವೃತ್ತರಾದ ಮೇಲೂ ಒಂದೇ ಕಡೆ ನಲವತ್ತು ನಿಮಿಷ ಕೂತ ನೆನಪು ಅವರಿಗಿರಲಿಲ್ಲ. ಹತ್ತು ನಿಮಿಷಕ್ಕೆ ಮೂಗು ತುರಿಸತೊಡಗಿತು. ಹೇಳಿದರು. ಅವಳು ಅಂಟು ಮೆತ್ತಿದ ಬೆರಳು ಬಿಟ್ಟು ಕೈಗೆಣ್ಣಿನಿಂದ ಅವರ ಮೂಗು ಉಜ್ಜಿ, ಎಡಕ್ಕಾ ಬಲಕ್ಕಾ ಎಂದು ಕೇಳಿದಳು.

"ಯಾಕೆ ಬೇಕು ಇನ್ನೊಂದು ಡಬ್ಬ? ತೊಟ್ಟಿಯಲ್ಲೇ ಹುಳು ಬಿಟ್ಟರಾಯಿತಲ್ಲ."

"ಅಲ್ಲಿ ಬಿಟ್ಟರೆ ಇವನು ಮರಿ ಮಾಡೋಕೂ ಬಿಡಲ್ಲ, ನುಂಗ್ತಾನೆ. ಇದು ತವರುಮನೆ. ಇಲ್ಲಿ ಹುಟ್ಟಿ ಬೆಳೆದು ಆ ಮನೆಗೆ ಹೋಗ್ತಾವೆ." ಪೈಪಿನ ಬಾಯಿಗೆ ತನ್ನ ಹಳೆಯ ಬಾಚಣಿಗೆಯನ್ನು ಅಡ್ಡ ಇಟ್ಟು ನೋಡಿದಳು. ಹುಳು ಹಲ್ಲಿನ ಸಂದಿಯಲ್ಲಿ ನುಸುಳಬೇಕು, ಪಾಚಿ ಇಲ್ಲೇ ಉಳಿಯಬೇಕು. "ಅಲ್ಲಿಗೆ ಹೋದ ಮೇಲೆ ಏನಾಗುತ್ತೆ ಅಂತ ಮಾತ್ರ ಕೇಳಬೇಡಿ."

ಮೇಷ್ಟ್ರು ನಕ್ಕರು. ಹಲಗೆ ಅಲ್ಲಾಡಿತು. ಬೈಸಿಕೊಂಡರು.

*

ಸ್ಮಶಾನದಲ್ಲಿ ಎಲ್ಲರೂ ಹಿಡಿ ಮಣ್ಣು ಹಾಕಿ ದೂರ ಸರಿದಾಗಲೂ ಒಬ್ಬ ಅಲ್ಲೇ ನಿಂತಿದ್ದ. ನಲವತ್ತರ ಆಸುಪಾಸು, ಗುಂಗುರು ಕೂದಲು, ಉಗುರಿನ ಅಂಚಿನಲ್ಲೆಲ್ಲ ಬಿಳಿ ಪುಡಿ. ಮೇಷ್ಟ್ರಿಗೆ ಗುರುತು ಹತ್ತಲಿಲ್ಲ. ಅವನೇ ಹತ್ತಿರ ಬಂದು, ತಾನು ಹಲ್ಲುಸೆಟ್ಟು ಮಾಡುವವನೆಂದೂ, ಅಕ್ಕನ ಪರಿಚಯವೆಂದೂ ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ:

"ತವರು ಹೇಗಿದೆ ಸಾರ್? ಪಂಪು ನಡೀತಿದೆಯಾ?"

ಆ ಹೆಸರು ತಮ್ಮಿಬ್ಬರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದ ಮೇಷ್ಟ್ರಿಗೆ ಎದೆಯಲ್ಲಿ ಸಣ್ಣದೊಂದು ಚುಚ್ಚಿದಂತಾಯಿತು. ಅದು ಅಸೂಯೆ ಎಂದು ತಿಳಿದು ತಮ್ಮ ಬಗ್ಗೆ ತಮಗೇ ಆಶ್ಚರ್ಯವೂ ಆಯಿತು.

"ನಿಮಗೆ ಅವಳು ಎಲ್ಲಿ ಸಿಕ್ಕಿದ್ದು?"

ಫೋನಿನಲ್ಲಿ ಎಂದ ಅವನು. ಆರು ವರ್ಷದ ಹಿಂದೆ ಅವನ ತಾಯಿ ಆ ಆಸ್ಪತ್ರೆಯಲ್ಲಿದ್ದಳು. ಹತ್ತಿರ ಇರಲು ಬಿಡುತ್ತಿರಲಿಲ್ಲವಾದ್ದರಿಂದ ಅವನು ದಿನವೂ ರಾತ್ರಿ ಫೋನು ಮಾಡಿ ಕೇಳುತ್ತಿದ್ದ. ವಾರ್ಡಿನವರು ಎತ್ತುವವರೆಗೆ ಬೋರ್ಡಿನ ಅಕ್ಕ ಮಾತಾಡಿಸುತ್ತಿದ್ದಳು. ನಿಮ್ಮ ಹಿಂದೆ ಏನದು ನೀರು ಬೀಳೋ ಸದ್ದು, ನಲ್ಲಿ ತಿರುಗಿಸೋದು ಮರೆತಿದ್ದೀರಾ ಎಂದಳಂತೆ ಒಮ್ಮೆ. ಉಪ್ಪುನೀರಿನ ಮೀನುತೊಟ್ಟಿ ಎಂದನಂತೆ ಇವನು. ಅಲ್ಲಿಂದ ಪ್ರಶ್ನೆಯೋ ಪ್ರಶ್ನೆ. ಉಪ್ಪು ಎಲ್ಲಿಂದ ತರ್ತೀರಿ? ಮೀನಿಗೆ ಬಾಯಾರಿಕೆ ಆಗುತ್ತಾ? ತಾಯಿ ಹೋದ ರಾತ್ರಿ ಆ ಸುದ್ದಿಯನ್ನು ವಾರ್ಡಿನವರು ಹೇಳುವ ಮೊದಲು, ಫೋನು ಇಡಬೇಡಿ, ನಾನು ಲೈನಿನಲ್ಲೇ ಇರ್ತೀನಿ ಅಂದವಳೂ ಅವಳೇ.

ಪತ್ರಿಕೆ ಓದಿ ಮೀನಿನ ಹುಚ್ಚು ಹತ್ತಿಸಿಕೊಂಡಳು ಎಂದೇ ಮೇಷ್ಟ್ರು ನಂಬಿದ್ದರು. ಕೇಳಿರಲಿಲ್ಲ. ಊರವರ ಪುಸ್ತಕದ ಅಲ್ಪವಿರಾಮವನ್ನೆಲ್ಲ ಹುಡುಕಿ ಹುಡುಕಿ ನೋಡಿದವರು ಇದೊಂದನ್ನು ನೋಡಿರಲಿಲ್ಲ.

"ಡಬ್ಬ ತೊಳೆದುಬಿಟ್ಟಿದ್ದಾರೆ," ಎಂದರು. "ಬಿಸಿನೀರು, ಸೋಪು. ಒಂದೆಳೆ ಉಳಿದಿಲ್ಲ. ಅವಳು ಹೇಳಿ ಹೋದದ್ದು ಅದೊಂದೇ."

ಅವನು ಕಣ್ಣು ಮುಚ್ಚಿ ತೆರೆದ. "ಹೋದ ವರ್ಷ ನನ್ನದೂ ಪೂರ್ತಿ ಸತ್ತಿತ್ತು ಸಾರ್. ಅಕ್ಕ ತಮ್ಮದರಲ್ಲಿ ಅರ್ಧ ಹರಿದು ಕೊಟ್ಟರು. ಈಗ ನನ್ನ ಮನೇಲಿರೋದೆಲ್ಲ ಅದರದ್ದೇ ಸಂತಾನ. ಬರ್ತೀರಾ?"

"ಈಗಲೇ?"

"ಈಗಲೇ ಅಂದರೆ... ಮನೇಲಿ ಜನ ಕಾಯ್ತಿರ್ತಾರೆ ನಿಮಗೆ."

ಮೇಷ್ಟ್ರು ತಿರುಗಿ ನೋಡಿದರು. ಗೇಟಿನ ಹತ್ತಿರ ನಾದಿನಿ ನಿಂತಿದ್ದಳು. ಬೆಳಗಿನಿಂದ ಅವಳು ಅವರ ಮುಖ ನೋಡಿರಲಿಲ್ಲ. ಹತ್ತಿರ ಹೋಗಿ ವಿಷಯ ಹೇಳಿದ್ದಕ್ಕೆ, ಬಂದವರಿಗೆಲ್ಲ ತಾನು ಚಹಾ ಕೊಟ್ಟು ಕೂರಿಸುತ್ತೇನೆ, ಕೇಳಿದವರಿಗೆ ಏನಾದರೊಂದು ಹೇಳುತ್ತೇನೆ, ನೀವು ಹೋಗಿ ಎಂದಳು. ನಾಲ್ಕು ಹೆಜ್ಜೆ ಹೋದವರನ್ನು ಮತ್ತೆ ಕರೆದಳು.

"ಭಾವ, ಡಬ್ಬದಲ್ಲಿ ಸೋಪು ಉಳಿದಿದ್ದರೆ? ನಾನು ಹೋಗಿ ಹತ್ತು ಸಲ ಬರೀ ನೀರಲ್ಲಿ ತೊಳೆದಿಡ್ತೀನಿ."

"ಇಪ್ಪತ್ತು ಸಲ ತೊಳಿ," ಎಂದರು ಮೇಷ್ಟ್ರು.

*

ಹಲ್ಲುಸೆಟ್ಟಿನವನ ಕೆಲಸದ ಕೋಣೆಯಲ್ಲಿ ಅಚ್ಚಿನ ಹಲ್ಲುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಮೂಲೆಯ ತೊಟ್ಟಿಯ ಮೇಲೆ ಅಂಥದೇ ಡಬ್ಬ, ಅಂಥವೇ ಮೂರು ಕೋಣೆ. ಪೈಪಿನ ಬಾಯಿಗೆ ಬಾಚಣಿಗೆ ಇರಲಿಲ್ಲ. ಗುಲಾಬಿ ಒಸಡಿನ ಸಮೇತ ಒಂದು ಕೆಳಸಾಲಿನ ಹಲ್ಲು ಪಾಚಿಯ ನಡುವೆ ಕಿಸಿಯುತ್ತಿತ್ತು.

"ಒಬ್ಬ ಮುದುಕರಿಗೆ ಮಾಡಿದ್ದು, ಅಳತೆ ತಪ್ಪಿತು," ಎಂದ ಅವನು ಸಂಕೋಚದಿಂದ. "ಅಕ್ಕ ನೋಡಿ ನಕ್ಕೂ ನಕ್ಕೂ ಗೋಡೆ ಹಿಡ್ಕೊಂಡರು."

ಮೇಷ್ಟ್ರು ಬಗ್ಗಿ ನೋಡಿದರು. ಎಳೆಎಳೆಯ ನಡುವೆ ಏನೋ ಪುಟಿಯುತ್ತಿತ್ತು, ಧೂಳಿಗೆ ಜೀವ ಬಂದಂತೆ. ಇಷ್ಟು ದಿನ ಮನೆಯಲ್ಲಿದ್ದೂ ಅವರು ಇದನ್ನು ಹತ್ತಿರದಿಂದ ನೋಡಿರಲಿಲ್ಲ. ಡಬ್ಬದ ದೀಪ ಆರಿತ್ತು. ಕೋಣೆಯಲ್ಲಿ ಹಗಲು ತುಂಬಿದ್ದರೂ ತೊಟ್ಟಿಯದು ಮಾತ್ರ ಉರಿಯುತ್ತಿತ್ತು. ಇದ್ಯಾಕೆ ಹೀಗೆ, ನಮ್ಮಲ್ಲೂ ಹೀಗೇ ಎಂದು ಕೇಳಿದರು.

"ಕತ್ತಲಾದರೆ ತೊಟ್ಟಿಯ ನೀರು ಕೆಡೋಕೆ ಶುರುವಾಗುತ್ತೆ ಸಾರ್. ಆಗ ಇದರ ದೀಪ ಹತ್ತಬೇಕು, ಪಾಚಿ ಎದ್ದು ಕೆಲಸ ಮಾಡಬೇಕು. ಅದಕ್ಕೆ ಒಂದು ಮಲಗಿದಾಗ ಇನ್ನೊಂದು ಎದ್ದಿರುತ್ತೆ. ಇದನ್ನ ನಾನು ಬಿಡಿಸಿ ಹೇಳೋಕೆ ಹೋದೆ, ಅಕ್ಕನಿಗೆ ಅರ್ಧ ಮಾತಿಗೇ ಅರ್ಥವಾಯಿತು."

"ಆಗಿರುತ್ತೆ," ಎಂದರು ಮೇಷ್ಟ್ರು.

ಅವನು ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ಸರಿಯಾಗಿ ನಡುವೆ ಹರಿದ. ಅರ್ಧವನ್ನು ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟು, ಅಳತೆ ತಪ್ಪಿದ ಇನ್ನೊಂದು ಹಲ್ಲುಸಾಲನ್ನೂ ಜೇಬಿಗೆ ಹಾಕಿಕೊಂಡು ಹೊರಟ.

ಮನೆಯಲ್ಲಿ ಇನ್ನೂ ಏಳೆಂಟು ಜನ ಕೂತಿದ್ದರು. ದುಃಖದ ಮನೆಗೆ ಬಕೆಟ್ಟು ಹಿಡಿದು ಬಂದ ಮೇಷ್ಟ್ರನ್ನು ಕಂಡು ಮಾತು ನಿಂತಿತು. ನಾದಿನಿ ಥಳಥಳಿಸುವ ಡಬ್ಬವನ್ನು ಎದೆಗವಚಿಕೊಂಡು ತಂದಳು. ಅವಳ ಬೆರಳ ತುದಿಗಳು ನೆನೆದು ಸುಕ್ಕುಗಟ್ಟಿದ್ದವು. ಹಲ್ಲುಸಾಲು ಪೈಪಿನ ಬಾಯಿಗೆ ಬಿಗಿಯಾಗಿ ಕೂತಿತು. ಮರಳು ತುಂಬಿದರು, ಪಂಪು ಹಾಕಿದರು, ನೀರು ಏರಿತು. ಮೇಷ್ಟ್ರು ಅಂಗಿಯ ಇನ್ನೊಂದು ತೋಳನ್ನೂ ಮಡಚದೆ ಹಾಗೇ ಕೈ ಇಳಿಸಿ, ಪಾಚಿಯನ್ನು ನಡುವಿನ ಕೋಣೆಯಲ್ಲಿ ಬಿಟ್ಟರು.

ಏನಿದು ಎಂದು ಯಾರೋ ಕೇಳಿದರು. ನಾದಿನಿಯೇ ಉತ್ತರ ಹೇಳಿದಳು, ಬೆಳಿಗ್ಗೆಯಿಂದ ಅದೇ ಓದಿದವಳಂತೆ. ಒಬ್ಬೊಬ್ಬರಾಗಿ ಎದ್ದು ಬಂದರು. ಕುರ್ಚಿ ಸಾಲದೆ ಕೆಲವರು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೀನು ಹಿಂದಿನ ಕಲ್ಲಿನ ನೆರಳಿನಲ್ಲಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಯಾರೂ ಏಳಲೂ ಇಲ್ಲ.

ಆಗ ಪೈಪಿನ ಬಾಯಿಂದ, ನೀರಿನ ಜೊತೆ, ಒಂದು ಬಿಳಿ ಚುಕ್ಕಿ ಇಳಿದು ತಡೆತಡೆದು ಪುಟಿಯಿತು. ಮೀನು ನೆರಳಿನಿಂದ ಹೊರಬಂತು. ಒಂದು ಕಣ್ಣು ಮಾತ್ರ ಹೊರಳಿಸಿ ಅದನ್ನು ನೋಡಿತು, ರೆಕ್ಕೆ ಬೀಸುತ್ತ ನಿಂತಲ್ಲೇ ನಿಂತಿತು, ಟಕ್ಕನೆ ಕುಟುಕಿತು. ಚುಕ್ಕಿ ಇರಲಿಲ್ಲ. ಮೀನು ಪೈಪಿನ ಕೆಳಗೆ ಸರಿದು, ಮುಖ ಮೇಲೆತ್ತಿ, ಅಲ್ಲೇ ಕಾಯುತ್ತ ನಿಂತಿತು.