ಸವರಿದ ಕೈ

ಮತ್ತೆ ಬಂತು, ಕತ್ತಿನ ಹಿಂದೆ, ತುರುಬಿನ ಕೆಳಗೆ ಬೆವರು ಕೂತ ಜಾಗಕ್ಕೆ, ನಾಲ್ಕು ಬೆರಳು, ಹೆಬ್ಬೆರಳಿಲ್ಲ, ಮೇಲಿನಿಂದ ಕೆಳಕ್ಕೆ ಒಂದೇ ಸಲ ಸವರಿ ಹೋಯಿತು — ಹೀರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ತಿಳಿಯಿತು ಎಂದಾಗುತ್ತದೆ, ತಿಳಿದರೆ ತಿರುಗಬೇಕಾಗುತ್ತದೆ, ತಿರುಗಿದರೆ ಅವನು ನಗುತ್ತಾನೆ, ಆ ನಗುವಿನ ಹಿಂದೆ ಏನಿದೆ ಎಂಬುದೇ ಅವಳಿಗೆ ಬಗೆಹರಿದಿಲ್ಲ, ಹಿಟ್ಟು ತಿರುಗುತ್ತಿತ್ತು, ಅಂಗೈ ಬಿದ್ದಲ್ಲೆಲ್ಲ ಅಗಲವಾಗುತ್ತಿತ್ತು, ಬೆನ್ನ ಹಿಂದೆ ತಾತ್ಯಾಸಾಹೇಬ ಸೋಸಿದ ನೀರಿನ ಕೊಡಕ್ಕೆ ತಂಬಿಗೆ ಅದ್ದಿದ, ಕುಡಿದ, ತಂಬಿಗೆ ಇಟ್ಟ ಸದ್ದು, ಚಪ್ಪಲಿ ಮೆಟ್ಟಿದ ಸದ್ದು, ಹೊರಗೆ ಹೋದ. ಗಂಡ. ಮಗನಿಗೆ ಹೆಣ್ಣು ನೋಡುತ್ತಿರುವ ಹೊತ್ತಿನ ಗಂಡ. ಮದುವೆಯಾದಾಗಿನಿಂದ ಹಗಲಿನಲ್ಲಿ ಅವಳ ಸೆರಗಿನ ತುದಿಯನ್ನೂ ಮುಟ್ಟದವನು, ಕೈಯಿಂದ ಕೈಗೆ ಏನಾದರೂ ಕೊಡಬೇಕಾದರೂ ಕಟ್ಟೆಯ ಮೇಲಿಟ್ಟು ತಗೋ ಎನ್ನುವವನು, ಕತ್ತಲಲ್ಲಿ ಮುಟ್ಟಿದರೂ ಕರೆಂಟು ಹೋದಾಗ ಕಡ್ಡಿಪೆಟ್ಟಿಗೆ ಹುಡುಕುವವನಂತೆ ಮುಟ್ಟಿ, ಸಿಕ್ಕಿದ ಮೇಲೆ ಅತ್ತ ಹೊರಳುವವನು, ಅವನ ಕೈಗೆ ಬಸದಿಯಲ್ಲಿ ಭಾದ್ರಪದದ ಪರ್ವ ಮುಗಿದಾಗಿನಿಂದ ಇದೇನು ಬಂದಿದೆ, ಹಿತ್ತಲಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಮಡಿಸುವಾಗ, ಮೆತ್ತಗೆ, ಕೇಳದೆ, ಏನನ್ನೂ ಬೇಡದೆ. ಬೇಡದಿರುವುದೇ ಅನುಮಾನ. ಬೇಡಿದ್ದರೆ ಗೊತ್ತಾಗುತ್ತಿತ್ತು.

ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹೆಂಚಿಗೆ ಹಾಕಿದಳು, ಒದ್ದೆ ಅರಿವೆ ಹಿಂಡಿ ಮೇಲೆ ನೀರು ಸವರಿದಳು, ಬೇಗ ಸವರಿದರೆ ಹಿಟ್ಟು ಅರಿವೆಗೆ ಅಂಟುತ್ತದೆ, ತಡಮಾಡಿದರೆ ರೊಟ್ಟಿ ಬಿರಿಯುತ್ತದೆ, ಸವರಲಿಕ್ಕೂ ಒಂದು ಹೊತ್ತಿದೆ, ಅದು ಯಾರೂ ಹೇಳಿಕೊಟ್ಟದ್ದಲ್ಲ, ಕೈಗೆ ತಾನೇ ಬರುತ್ತದೆ. ಹಾಗಾದರೆ ಅವನ ಕೈಗೆ ಇಷ್ಟು ತಡವಾಗಿ ಯಾಕೆ ಬಂತು. ಸವರುವುದು — ಒಂದೇ ಮಾತು, ಎಷ್ಟು ಮನೆ ಹೊಕ್ಕು ಬರುತ್ತದೆ, ಕೂಸಿನ ಹೊಟ್ಟೆ ನೊಂದರೆ ಇಂಗು ಕಲಸಿ ಸವರು ಅಂತಿದ್ದಳು ಅವ್ವ, ಅದೇ ಅವ್ವ ಕಾಕಾ ಹೊಲದ ಪಾಲಿನಲ್ಲಿ ಮೋಸ ಮಾಡಿದಾಗ ನಿಮ್ಮಪ್ಪನ ತಲಿ ಸವರಿದ ನೋಡ ಅಂತ ಅತ್ತಳು, ಚುನಾವಣೆ ಬಂದಾಗ ಮೂಗಿಗೆ ತುಪ್ಪ ಸವರಲಿಕ್ಕೆ ಬರುವವರು, ಬೇಲಿಯ ಜಾಲಿ ಹೆಚ್ಚಾಯಿತೆಂದರೆ ಕುಡುಗೋಲು ಹಿಡಿದು ಸವರಿ ಒಗಿ ಅಂತಾರೆ, ಸವರಿದ ಬೇಲಿಯಲ್ಲಿ ಒಂದು ಎಲೆ ಇರುವುದಿಲ್ಲ, ಬೋಳು. ಕೂಸಿನ ಹೊಟ್ಟೆಯೂ ಸವರುವುದೇ, ಜಾಲಿಯೂ ಸವರುವುದೇ, ಹಾಗಾದರೆ ತನ್ನ ಕತ್ತು ಯಾವುದು. ರೊಟ್ಟಿ ಉಬ್ಬಿತು, ತಿರುವಿ ಹಾಕಿದಳು.

ಮೊದಲು ಕಂಡವಳು ತಾನಲ್ಲ, ಶಿವವ್ವ, ಪಕ್ಕದ ಮನೆಯವಳು, ಜಂಪರು ಹೊಲಿಯುವವಳು, ಅವಳ ಮಶೀನು ಹಿತ್ತಲ ಕಿಟಕಿಗೇ ಇದೆ, ಸೂಜಿಗಿಂತ ಕಣ್ಣು ಮುಂದೆ ಓಡುತ್ತದೆ. ಏನ್ ಬೇ ಹೀರಕ್ಕ, ನಿನ್ನಿ ಸಾಹೇಬರು ನಿನ್ನ ಬೆನ್ನ ಮ್ಯಾಲಿನ ಇರುವಿ ತಗಿಯಾಕತ್ತಿದ್ದರಲ್ಲ. ಇರುವಿ ಇತ್ತು, ತಗದ್ರು, ಎಂದಿದ್ದಳು ಹೀರಾ. ಇರುವಿ ತಗಿಯಾಕ ಅಷ್ಟೊತ್ತು ಬೇಕೇನ, ಅದರ ಹೆಸರು ಕೇಳಾಕತ್ತಿದ್ದರೇನ, ನಮ್ಮವ ಇದ್ದಾನ ನೋಡು, ಬೆನ್ನ ಮ್ಯಾಲೆ ಹಾವು ಹತ್ತಿದ್ರೂ ಪೇಪರ್ ಮಡಚಿ ಏಳಂಗಿಲ್ಲ, ಅಲ್ಲೇ ಕುಂತು ಯಾವ ಜಾತಿ ಹಾವು ಅಂತ ಕೇಳ್ತಾನ. ನಕ್ಕಿದ್ದರು ಇಬ್ಬರೂ, ನಗುತ್ತಲೇ ಶಿವವ್ವ ಹಲ್ಲಿನಿಂದ ದಾರ ಹರಿದು, ಆದ್ರ ಒಂದ್ ಮಾತು ಬೇ, ಈ ವಯಸ್ಸಿನ್ಯಾಗ ಗಂಡಸು ಸುಮ್ಮಸುಮ್ಮನ ಮೈ ಸವರಂಗಿಲ್ಲ, ಒಂದು ತಪ್ಪ ಮುಚ್ಚಬೇಕಾಗಿರತೈತಿ, ಇಲ್ಲಾ ಒಂದು ಸಹಿ ಬೇಕಾಗಿರತೈತಿ, ಎಂದಳು. ಚೇಷ್ಟೆಗೇ ಅಂದದ್ದು. ಚೇಷ್ಟೆಯ ಮಾತು ಹೀರಾಳ ಕಿವಿಯಲ್ಲಿ ಜೋಳದ ತೆನೆಯ ಸುಂಕಿನಂತೆ ಕೂತುಬಿಟ್ಟಿತು, ತಿಕ್ಕಿದಷ್ಟೂ ಒಳಗೆ.

ತಪ್ಪಾದರೆ ಯಾವ ತಪ್ಪು. ಲೋಕಾಪುರ. ಮೊದಲು ಅವನು ಲೋಕಾಪುರಕ್ಕೆ ಹೋಗುತ್ತಿದ್ದುದು ವರ್ಷಕ್ಕೊಮ್ಮೆ, ಅಕ್ಕ ತ್ರಿಶಲಾಳ ಮನೆಗೆ, ಅದೂ ಹೀರಾಳೇ ನೆನಪು ಮಾಡಿ ಹೊರಡಿಸಿದರೆ, ಈಗ ತಾನೇ ಹೋಗುತ್ತಾನೆ, ಟ್ರ್ಯಾಕ್ಟರಿನ ಸಾಮಾನು ತರಬೇಕು ಅಂತಾನೆ, ಜಮಖಂಡಿಯಲ್ಲಿ ಸಿಗದ ಸಾಮಾನು ಲೋಕಾಪುರದಲ್ಲಿ ಯಾವುದಿದೆ, ಬರಿಗೈಯಲ್ಲಿ ಬರುತ್ತಾನೆ, ಕೇಳಿದರೆ ಅಂಗಡಿ ಬಂದ್ ಇತ್ತು. ಅಂಗಿಯ ವಾಸನೆ ನೋಡಿದ್ದಳು, ಹೌದು, ನೋಡಿದ್ದಳು, ಒಗೆಯುವ ಕಲ್ಲಿನ ಹತ್ತಿರ ನಿಂತು ಮೂಗಿಗೆ ಹಿಡಿದು, ಧೂಳು, ಬಸ್ಸಿನ ಸೀಟಿನ ವಾಸನೆ, ಒಂದಿಷ್ಟು ಶ್ರೀಗಂಧ, ಶ್ರೀಗಂಧ ಯಾರು ಹಚ್ಚಿಕೊಳ್ಳುತ್ತಾರೆ, ಹೆಂಗಸೇ, ದೇವರೇ. ಬಂಗಾರವೇನಾದರೂ ಬೇಕಾಗಿದೆಯೆ ಎಂದೂ ಅನ್ನಿಸಿತ್ತು, ಒಂದು ದಿನ ಮಣಿಕಟ್ಟು ಸವರುವಾಗ ಬೆರಳು ಬಿಲ್ವಾರದ ಮೇಲೆ ನಿಂತಂತಾಯಿತು, ಅವನು ಹೊಲಕ್ಕೆ ಹೋದ ಮೇಲೆ ಬಿಚ್ಚಿ ಅರಿಷಿಣದ ಡಬ್ಬಿಯಲ್ಲಿ ಹುಗಿದಿಟ್ಟಳು, ಸಂಜೆಗೆ ನಾಚಿಕೆಯಾಗಿ ತೆಗೆದಳು, ಅರಿಷಿಣ ಮೆತ್ತಿದ ಬಿಲ್ವಾರ ನೋಡಿ ಅವನು, ಇದೇನಿದು, ಮತ್ತೊಮ್ಮಿ ಮದಲಗಿತ್ತಿ ಆಗೀ ಏನು, ಎಂದ. ಎಂದು ಕೈ ಸವರಿದ. ಸವರುತ್ತ ಕಣ್ಣು ಬೇರೆಲ್ಲೋ ಇಟ್ಟಿದ್ದ.

ಆ ಕಣ್ಣನ್ನು ಎಲ್ಲಿ ನೋಡಿದ್ದೆ ಎಂದು ಎರಡನೆಯ ಉಂಡೆ ನಾದುವಾಗ ಹೊಳೆಯಿತು, ಅಪ್ಪ, ಅಪ್ಪನದು ಅದು, ಬೀಳಗಿಯ ಆಚೆ ಹೊಳೆದಂಡೆಯ ಊರು, ಆಣೆಕಟ್ಟಿನ ಹಿನ್ನೀರು ಬರುತ್ತದೆ ಏಳ್ರಿ ಅಂದಾಗ, ತಾನು ಮದುವೆಯಾಗಿ ಮೊದಲ ಸಲ ತವರಿಗೆ ಹೋಗಿದ್ದಳು, ಮೊಳೆ ಹೊಡೆಯುವಾಗ ಬಿಟ್ಟರೆ ಎಂದೂ ಗೋಡೆ ಮುಟ್ಟದ ಅಪ್ಪ, ಊರು ಬಿಡುವ ವಾರವೆಲ್ಲ ಗೋಡೆ ಸವರುತ್ತ ತಿರುಗುತ್ತಾನೆ, ಪಡಸಾಲೆಯ ಕಂಬ, ಬಾಗಿಲ ಚೌಕಟ್ಟು, ಕಣಜದ ಬಾಯಿ, ಅಂಗೈಯಿಂದ ಮೆಲ್ಲಗೆ, ಕಣ್ಣು ಮಾತ್ರ ಹೊಳೆಯ ಕಡೆ. ಯಾಕಪ್ಪಾ ಹಿಂಗ ಮಾಡಾಕತ್ತಿ ಎಂದರೆ, ಏನಿಲ್ಲವಾ, ಧೂಳ ಐತಿ, ಒರಸಾಕತ್ತೇನಿ. ಬಿಡುವುದು ಗಟ್ಟಿಯಾದ ಮೇಲೆ ಮನುಷ್ಯನ ಕೈ ಮೆತ್ತಗಾಗುತ್ತದೆ — ಕೈಯೊಳಗಿನ ಹಿಟ್ಟು ನಿಂತಿತು. ಬಿಡುವುದು. ಯಾರನ್ನು. ಯಾರಿಗಾಗಿ. ಒಲೆಯೊಳಗೆ ಕಟ್ಟಿಗೆ ಸಿಡಿಯಿತು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು, ಬಾಡಗಂಡಿಯ ಕಾರ್ಖಾನೆ ಕಡೆಗೆ, ಮಗ ಅರಿಹಂತ ಅಲ್ಲೇ ಕೆಲಸದಲ್ಲಿದ್ದಾನೆ, ಅವನಿಗೆ ಫೋನ್ ಮಾಡಿ ಏನಂತ ಕೇಳುವುದು, ನಿಮ್ಮಪ್ಪ ನನ್ನ ಮುಟ್ಟಾಕತ್ತಾನ, ಯಾಕ ಅಂತ ತಿಳಿದು ಹೇಳು ಅಂತಲೇ.

ಮತ್ತೆ ಇದನ್ನೂ ಯಾರಿಗೆ ಹೇಳುವುದು, ಅನುಮಾನದ ಅಡಿಯಲ್ಲಿ ಇನ್ನೊಂದಿದೆ, ಇತ್ತೀಚೆಗೆ ಅವಳು ತುರುಬನ್ನು ಸ್ವಲ್ಪ ಮೇಲಕ್ಕೆ ಕಟ್ಟುತ್ತಾಳೆ, ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂಡುತ್ತಾಳೆ, ಮೊದಲು ಗೋಡೆಗೆ ಬೆನ್ನು ಮಾಡಿ ಕೂಡುತ್ತಿದ್ದವಳು, ಹೊಸ ಜಂಪರಿಗೆ ಅಳತೆ ಕೊಡುವಾಗ ಶಿವವ್ವ, ಬೆನ್ನು ಹ್ಯಾಂಗಿರಲಿ ಬೇ, ಎಂದರೆ ಮೊದಲಿನಂಗ ಎನ್ನಬೇಕಾದವಳು ಒಂದು ಬೆರಳು ಇಳಿಸು ಎಂದಳು, ಬಾಯಿಂದ ಬಂದುಬಿಟ್ಟಿತು, ಶಿವವ್ವ ಟೇಪು ಹಿಡಿದು ಮುಗುಳ್ನಕ್ಕಳು. ಸವರಿ ಹೋದ ಮೇಲೆ ಆ ಜಾಗ ಬಹಳ ಹೊತ್ತು ಎಚ್ಚರವಾಗಿರುತ್ತದೆ, ಮೈಯ ಉಳಿದದ್ದೆಲ್ಲ ಕೆಲಸ ಮಾಡುತ್ತಿದ್ದರೂ ಅದೊಂದು ಜಾಗ ಬಾಗಿಲಲ್ಲಿ ನಿಂತು ದಾರಿ ನೋಡುತ್ತದೆ. ಈ ವಯಸ್ಸಿನಲ್ಲಿ. ಮುಟ್ಟು ನಿಲ್ಲುತ್ತ ಬಂದ ವಯಸ್ಸಿನಲ್ಲಿ, ಸೊಸೆ ತರುವ ವಯಸ್ಸಿನಲ್ಲಿ, ಹೊಸದಾಗಿ ಏನೋ ಚಿಗಿಯುತ್ತಿದೆ, ಚಿಗಿಯಲಿ ಎಂದು ಒಂದು ಮನಸ್ಸು, ಬೇರು ನೋಡು ಮೊದಲು ಎಂದು ಇನ್ನೊಂದು, ಎರಡನೆಯದೇ ಜೋರು.

ಬಿಸಿಲು ಹಿತ್ತಲ ಗೋಡೆಯ ಅರ್ಧಕ್ಕೆ ಏರಿತ್ತು, ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟವಾಗಬೇಕು, ಅವನು ಬಂದ, ಕೈಕಾಲು ತೊಳೆದು ತಾಟಿನ ಮುಂದೆ ಕೂತ, ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮುರಿದ ತುಂಡು ಬಾಯಿಗೆ ಹೋಗಲಿಲ್ಲ. ಹೀರಾ, ಒಂದು ಮಾತು ಐತಿ ಎಂದ. ಹೇಳ್ರಿ ಎಂದಳು. ಊಟಾ ಆಗಲಿ. ಈಗ ಹೇಳ್ರಿ, ಹೊತ್ತು ಮುಳುಗಿತಂದ್ರ ನಿಮ್ಮ ಬಾಯಿ ಊಟಕ್ಕೂ ತೆರಿಯಂಗಿಲ್ಲ, ಮಾತಿಗೂ ತೆರಿಯಂಗಿಲ್ಲ. ನಕ್ಕ, ನಗು ಅರ್ಧಕ್ಕೇ ನಿಂತಿತು. ನಾಳೆ ಮುಂಜಾನಿ ಬಸದಿಗೆ ಹೋಗಿ ಹೆಸರು ಹೇಳಬೇಕು. ಯಾರ ಹೆಸರು. ನಮ್ಮಿಬ್ಬರದು. ಯಾತಕ್ಕ. ಪಿಂಛಿಗೆ, ಎಂದ, ಎಂದು ತಾಟು ನೋಡಿದ.

ಪಿಂಛಿ. ಮುನಿಗಳ ಕೈಯೊಳಗಿನ ನವಿಲುಗರಿಯ ಗೊಂಚಲು, ಕೂಡುವ ಮೊದಲು ನೆಲ ಸವರುತ್ತಾರೆ, ಮಲಗುವ ಮೊದಲು ಹಲಗೆ ಸವರುತ್ತಾರೆ, ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು, ಚಿಕ್ಕವಳಿದ್ದಾಗ ಬಸದಿಯ ಕಂಬದ ಹಿಂದೆ ನಿಂತು ಅದನ್ನೇ ನೋಡುತ್ತಿದ್ದಳು, ಆ ಗರಿ ತಾಗಿ ಪಕ್ಕಕ್ಕೆ ಸರಿದ ಇರುವೆ ಎಷ್ಟು ಸುಖದ್ದು ಎಂದುಕೊಂಡಿದ್ದಳು. ಚಾತುರ್ಮಾಸ ಮುಗಿದಾಗ ಮುನಿಗಳು ಹಳೆಯ ಪಿಂಛಿ ಬಿಟ್ಟು ಹೊಸದು ಹಿಡಿಯುತ್ತಾರೆ, ಹಳೆಯದು ಒಂದು ಮನೆಗೆ ಹೋಗುತ್ತದೆ, ಇನ್ನು ಬದುಕಿರುವ ತನಕ ಬ್ರಹ್ಮಚರ್ಯ ಎಂದು ಗಂಡಹೆಂಡತಿ ಇಬ್ಬರೂ ಕೈಮುಗಿದು ವ್ರತ ತೊಟ್ಟ ಮನೆಗೆ — ತ್ರಿಶಲಾ ಅಕ್ಕಾರ ಮನೆ. ಲೋಕಾಪುರ. ಹೋದ ವರ್ಷ ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಗರಿಗಳ ಗೊಂಚಲು ಇತ್ತು, ಮುಂದೆ ಶ್ರೀಗಂಧದ ಊದುಬತ್ತಿ, ಪಡಸಾಲೆಯಲ್ಲಿ ಒಂದು ಮಂಚ, ಒಳಗೆ ಒಂದು ಮಂಚ, ಅಕ್ಕ ನಗುತ್ತ, ಈಗ ಛಲೋ ನಿದ್ದಿ ಹತ್ತತೈತಿ ನೋಡ ಹೀರಾ, ಎಂದಿದ್ದರು, ಸುಳ್ಳಲ್ಲ, ಮುಖ ತಿಳಿಯಾಗಿತ್ತು, ಅವರಿಗೆ ಅದು ಬೇಕಾಗಿತ್ತು, ಸಿಕ್ಕಿತ್ತು. ತಾತ್ಯಾಸಾಹೇಬ ಆ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಹೆಂಗಸಲ್ಲ, ಬಂಗಾರವಲ್ಲ, ಸಹಿಯಲ್ಲ. ಬೇರೆ ಹೆಂಗಸಾಗಿದ್ದರೆ ಜಗಳಕ್ಕೆ ಒಂದು ಮುಖವಾದರೂ ಇರುತ್ತಿತ್ತು, ಎಂದುಕೊಂಡಳು ಹೀರಾ, ಅಂದುಕೊಂಡದ್ದಕ್ಕೆ ಅವಳಿಗೇ ಅಂಜಿಕೆಯಾಯಿತು.

ಮುನಿಗಳು ಏನಂದ್ರು, ಎಂದು ಕೇಳಿದಳು. ಇಬ್ಬರ ಮನಸ್ಸೂ ಇರಬೇಕು, ಒಬ್ಬರದಿಲ್ಲ ಅಂದ್ರ ಅದು ವ್ರತ ಅಲ್ಲ, ಅವಸರಿಲ್ಲ, ಮನಿಯಾಗ ಕೇಳಿ ಬರ್ರಿ ಅಂದ್ರು. ನೀವು ಏನಂದ್ರಿ. ರೊಟ್ಟಿಯ ಅಂಚನ್ನು ಚೂರು ಚೂರಾಗಿ ಮುರಿಯುತ್ತ ಹೇಳಿದ, ಹೀರಾಂದು ಏನೂ ತಕರಾರಿಲ್ಲ ಅಂದ್ನಿ. ನನ್ನ ಯಾವಾಗ ಕೇಳಿದ್ರಿ. ಕೇಳಬೇಕಂತನ ಇದ್ನಿ, ದಿನಾ ಕೇಳಬೇಕಂತ ಒಳಗ ಬರತಿದ್ನಿ, ಬಾಯಿ ಬರತಿದ್ದಿಲ್ಲ. ಬಾಯಿ ಬರದಿದ್ದುದಕ್ಕೆ ಕೈ ಬಂತೆ, ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಹೀರಾ ನುಂಗಿದಳು, ನುಂಗಿ ಬೇರೆ ಕೇಳಿದಳು, ಮತ್ತ ಇಷ್ಟು ದಿನಾ ಇದೇನಿದು, ಕತ್ತು, ಬೆನ್ನು, ಒಪ್ಪಲಿ ಅಂತ ಸವರಾಕತ್ತಿದ್ರೇನು. ಅವನು ತಲೆ ಎತ್ತಿದ, ಕಣ್ಣಲ್ಲಿ ನೀರಿತ್ತು, ಈ ಮನುಷ್ಯನ ಕಣ್ಣಲ್ಲಿ ನೀರು ಅವಳು ಅವನ ಅವ್ವ ಸತ್ತಾಗ ಕಂಡದ್ದು. ಅದಕ್ಕಲ್ಲ ಹೀರಾ, ಎಂದ. ಇನ್ನ ಮುಂದ ಮುಟ್ಟಾಕ ಬರಂಗಿಲ್ಲಲ್ಲ, ಅದಕ್ಕ.

ಖರೆ ಹೇಳುತ್ತಿದ್ದಾನೆ. ಅದೇ ಕೆಟ್ಟದ್ದು, ಸುಳ್ಳಾಗಿದ್ದರೆ ಹಿಡಿದು ಕೇಳಬಹುದಿತ್ತು, ಇಷ್ಟು ವರ್ಷದಲ್ಲಿ ಅವನ ಕೈ ಒಂದು ಸಲ ಖರೆ ಆಡಿತು, ಆಡಿದ್ದು ಹೊಸ್ತಿಲು ದಾಟಿ ಹೋಗುತ್ತೇನೆ ಎಂದು ಹೇಳಲಿಕ್ಕೆ. ಗೋಡೆ ಸವರಿದ ಅಪ್ಪ ಗೋಡೆಯನ್ನು ಕೇಳಿದ್ದನೇ. ಕತ್ತಿನ ಹಿಂದೆ ಆ ಜಾಗ ಇನ್ನೂ ದಾರಿ ನೋಡುತ್ತಿದೆ, ಅದಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ. ಮೆರವಣಿಗಿಯೊಳಗ ಪಿಂಛಿ ನೀನ ಹಿಡಕೊಂಡು ಬರಬೇಕು, ಎನ್ನುತ್ತಿದ್ದ ತಾತ್ಯಾಸಾಹೇಬ, ನಮ್ಮ ಓಣಿಗೆ ಇನ್ನೂ ಯಾರ ಮನಿಗೂ ಬಂದಿಲ್ಲ, ಎಷ್ಟು ಪುಣ್ಯಾ ಅಂತ ತಿಳಿದಿ, ಮಂದಿ ನಿನಗ ಕೈಮುಗಿತಾರ, ನಾ ಅಕ್ಕಾರ ಮನ್ಯಾಗ ಮುಟ್ಟಿ ನೋಡೇನಿ, ಭಾಳ ಮೆತ್ತಗ ಇರತೈತಿ ಹೀರಾ, ಇದ್ದಂಗೂ ಇರಂಗಿಲ್ಲ. ಹೇಳುತ್ತ ಎಡಗೈ ನೆಲ ಬಿಟ್ಟು ಎದ್ದಿತು, ತಾಟಿನ ಮೇಲಿಂದ, ಅವಳ ಮಣಿಕಟ್ಟಿನ ಕಡೆ.

ಒಲ್ಲೆ, ಎಂದಳು ಹೀರಾ.

ಕೈ ನಡುವೆ ನಿಂತಿತು, ನಾಲ್ಕು ಬೆರಳು ಮುಂದೆ, ಹೆಬ್ಬೆರಳು ಮಡಚಿ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಈಗ ಹೇಳಬ್ಯಾಡ, ವಿಚಾರ ಮಾಡಿ ಹೇಳು, ಎಂದ. ಮಾಡೇನಿ. ಹೇಳಿ ಬಂದೇನಿ ಹೀರಾ, ಇನ್ನ ಹ್ಯಾಂಗ ಹೋಗಲಿ, ಏನಂತ ಹೇಳಲಿ ಅವರಿಗೆ. ಹೀರಾ ಆ ಕೈ ನೋಡಿದಳು, ಉಗುರಿನ ಸಂದಿಯ ಮಣ್ಣು, ಕಿರುಬೆರಳಿನ ಹಳೆಯ ಗಾಯ, ಗಾಳಿಯಲ್ಲೇ ಉಳಿದ ನಾಲ್ಕು ಬೆರಳು, ಆ ಬೆರಳು, ಆ ಬೆರಳೇ.

ಹೀರಾ ಒಲ್ಲೆ ಅಂದ್ಲು ಅಂತ ಹೇಳ್ರಿ.